ಅಕ್ಕನ ಟ್ಯಾಬು, ಮೇ ತಿಂಗಳ ಅಪ್‌ಡೇಟು

ಅಕ್ಕನ ಟ್ಯಾಬ್ ಕೆಡಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪೂರ್ತಿ ಕೆಡಲಿಲ್ಲ, ನಾಲ್ಕು ದಿನದ ಮಟ್ಟಿಗೆ ಅಷ್ಟೇ. ಆದರೆ ಆ ನಾಲ್ಕು ದಿನ ಬಂದದ್ದು ಮದುವೆ ಸೀಸನ್ನಿನ ನಟ್ಟನಡುವೆ.

ಅಕ್ಕ ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಟ್ಯಾಬ್ ಅಂದರೆ ಅವಳಿಗೆ ಅಂಗಡಿಯ ಡಿಸೈನ್ ಪುಸ್ತಕ. ಬೋಟ್ ನೆಕ್, ಪಾಟ್ ನೆಕ್, ಬೆನ್ನಿಗೆ ದಾರ, ಪಫ್ ತೋಳು, ಮಗ್ಗಂ ವರ್ಕ್, ಎಲ್ಲಕ್ಕೂ ಬೇರೆ ಬೇರೆ ಫೋಲ್ಡರ್. ಒಟ್ಟು ನಾಲ್ಕು ಸಾವಿರ ಫೋಟೋ ಮೇಲೆ. 2019ರಲ್ಲಿ ಕೊಂಡ ಟ್ಯಾಬ್ ಅದು. ಹತ್ತು ಇಂಚಿನ ಸ್ಕ್ರೀನ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಕಂಪನಿ ಹೆಸರು ಬೇಡ, ತಪ್ಪು ಅವರದಲ್ಲ. ಕೆಳಗೆ ಬಿದ್ದರೆ ಒಡೆಯಬಾರದು ಅಂತ ಉಳಿದ ಲೈನಿಂಗ್ ಬಟ್ಟೆಯಲ್ಲಿ ಹತ್ತಿ ತುಂಬಿ, ಕೌದಿ ಥರ ಹೊಲಿಗೆ ಹಾಕಿ, ಅಕ್ಕ ಅದಕ್ಕೊಂದು ದಪ್ಪ ಕವರ್ ಮಾಡಿದ್ದಾಳೆ. ಚೆನ್ನಾಗಿಯೇ ಇದೆ. ಅದರ ಮಾತು ಆಮೇಲೆ ಬರುತ್ತೆ.

ಟ್ಯಾಬ್ ಜೊತೆ ಬಂದದ್ದು ಆಂಡ್ರಾಯ್ಡ್ 9. 10 ಮತ್ತು 11 ಎರಡೂ ಸಿಗುತ್ತವೆ ಅಂತ ವರ್ಷಗಟ್ಟಲೆ ಮೇಲ್ಗಡೆ ಸೂಚನೆ ಬರುತ್ತಿತ್ತು. ಅಕ್ಕ ಪ್ರತಿ ಸಲ 'ನಂತರ' ಒತ್ತುತ್ತಿದ್ದಳು. ಜಾಣೆ. ಆದರೆ ಕ್ರೋಮ್ 139ನೇ ಆವೃತ್ತಿಯಿಂದ ಆಂಡ್ರಾಯ್ಡ್ 10 ಆದರೂ ಬೇಕು, ಅದಕ್ಕಿಂತ ಹಳೆಯದಕ್ಕೆ ಹೊಸ ಕ್ರೋಮ್ ಬರುವುದಿಲ್ಲ. ಅವಳು ಹೊಸ ಡಿಸೈನ್ ಹುಡುಕುವುದೆಲ್ಲ ಕ್ರೋಮ್‌ನಲ್ಲೇ. 'ಇದು ಹಿಂಗೇ ಇದ್ದರೆ ಒಂದಿನ ಸೈಟ್‌ಗಳು ತೆರೆಯೋದೇ ಇಲ್ಲಕ್ಕಾ' ಅಂತ ನಾನು ಹೆದರಿಸಿದೆ. ಜೊತೆಗೆ 'ಹೊಸದು ಹಾಕಿದ್ರ ಸ್ಪೀಡೂ ಆಗ್ತದ' ಅಂತ ಬೇರೆ ಸೇರಿಸಿದೆ.

ಆ ಎರಡನೇ ಮಾತು ಎಲ್ಲಿಂದ ಬಂತು ಅಂದರೆ, 2018ರಲ್ಲಿ ಆಪಲ್ ತನ್ನ ಐಫೋನ್, ಐಪ್ಯಾಡ್‌ಗಳನ್ನು ನಡೆಸುವ ತಂತ್ರಾಂಶ ಐಓಎಸ್ 12 ಬಿಟ್ಟಾಗ ಹಳೆಯ ಸಾಧನಗಳನ್ನು ಚುರುಕು ಮಾಡುವುದನ್ನೇ ದೊಡ್ಡದಾಗಿ ಹೇಳಿಕೊಂಡಿತ್ತು, 2013ರ ಐಪ್ಯಾಡ್ ಏರ್ ಮೇಲೂ ಅದು ಓಡುತ್ತಿತ್ತು. ಅದನ್ನು ಯಾವಾಗಲೋ ಓದಿ ತಲೆಯಲ್ಲಿ ಇಟ್ಟುಕೊಂಡಿದ್ದೆ. ಒಂದು ಕಂಪನಿ ಒಂದು ವರ್ಷ ಹಾಗೆ ಮಾಡಿತು ಅಂದರೆ ಎಲ್ಲ ಅಪ್‌ಡೇಟೂ ಹಾಗೆಯೇ ಇರುತ್ತೆ ಅಂತಲ್ಲವಲ್ಲ. ಅರ್ಧ ತಿಳಿದವನ ಸಲಹೆ ಯಾವಾಗಲೂ ಜೋರಾಗಿಯೇ ಇರುತ್ತೆ.

ಒಂದು ರಾತ್ರಿ ಊಟ ಆದ ಮೇಲೆ ಕೂತು, ಒಂದಾದ ಮೇಲೊಂದು ಎರಡು ಅಪ್‌ಡೇಟ್ ಹಾಕಿದೆ. ಜಾಗ ಸಾಲದೆ ನಡುವೆ ನಿಂತಿತು. ಒಂದಷ್ಟು ವಿಡಿಯೋ ಅಳಿಸಿ ಮುಂದುವರಿಸಿದೆ. ಮುಗಿದಾಗ ಹನ್ನೆರಡೂವರೆ. ಹೊಸ ಐಕಾನ್‌ಗಳು ದುಂಡಗೆ ಚೆಂದ ಕಾಣುತ್ತಿದ್ದವು. ಮಲಗಿದೆ.

ಬೆಳಿಗ್ಗೆ ಹತ್ತಕ್ಕೆ ಜೇವರ್ಗಿ ಕಡೆಯ ಒಂದು ಮದುವೆ ಮನೆಯವರು ಬಂದರು. ಹುಡುಗಿ, ಅವಳ ತಾಯಿ, ಇಬ್ಬರು ಚಿಕ್ಕಮ್ಮಂದಿರು, ಒಂಬತ್ತು ಬ್ಲೌಸ್ ಪೀಸ್. ಅಕ್ಕ ಗ್ಯಾಲರಿ ತೆಗೆದಳು. ಬೂದು ಬಣ್ಣದ ಚೌಕಗಳು. ಒಂದು ಫೋಟೋ ಬಂತು, ಮುಂದಿನದು ಬರಲಿಲ್ಲ. ಬೆರಳು ಎಳೆದರೆ ಸ್ಕ್ರೀನ್ ಮೂರು ಸೆಕೆಂಡ್ ಆದ ಮೇಲೆ ಒಮ್ಮೆಲೇ ಹಾರುತ್ತಿತ್ತು.

'ತಮ್ಮಾ, ಏನ್ ಮಾಡಿದಿ ಇದಕ್ಕ? ಬರೇ ತಿರಗಲಿಕತ್ತದ.'

'ಸ್ವಲ್ಪ ತಡಿಯಕ್ಕಾ, ಸೆಟ್ ಆಗ್ತದ.'

ಸೆಟ್ ಆಗಲಿಲ್ಲ. ಚಿಕ್ಕಮ್ಮಂದಿರಲ್ಲಿ ಒಬ್ಬರು 'ಫೋನಿನಾಗ ತೋರಸ್ರಿ ಮತ್ತ' ಅಂದರು. ಫೋನಿನಲ್ಲಿ ಇದ್ದದ್ದು ಹತ್ತಿಪ್ಪತ್ತು ಫೋಟೋ ಮಾತ್ರ. ಕೊನೆಗೆ ಅಕ್ಕ ಹ್ಯಾಂಗರ್‌ಗೆ ಹಾಕಿದ್ದ, ಬೇರೆಯವರಿಗಾಗಿ ಹೊಲಿದ ಬ್ಲೌಸ್‌ಗಳನ್ನೇ ಇಳಿಸಿ ತೋರಿಸಿದಳು. ಅವರು ಮೂರು ಬ್ಲೌಸ್ ಕೊಟ್ಟರು. ಉಳಿದ ಆರು ಪೀಸ್ 'ಆಮ್ಯಾಲ ಬರ್ತೀವ್ರಿ' ಅಂತ ವಾಪಸ್ ಚೀಲಕ್ಕೆ ಹೋದವು. ಅಕ್ಕ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹಳೆಯ ಆಂಡ್ರಾಯ್ಡ್‌ಗೇ ವಾಪಸ್ ಹೋಗೋಣ ಅಂದರೆ ಅದು ಅಪ್‌ಡೇಟ್ ಹಾಕಿದಷ್ಟು ಸುಲಭ ಅಲ್ಲ. ಟ್ಯಾಬ್ ಪೂರ್ತಿ ಅಳಿಸಿ ಹಾಕಬೇಕಾಗುತ್ತೆ, ಎಷ್ಟೋ ಸಾಧನಗಳು ಅದಕ್ಕೂ ಬಿಡುವುದಿಲ್ಲ. ಹಾಗಾಗಿ ಇದ್ದುದರಲ್ಲೇ ಕಾರಣ ಹುಡುಕಲು ಕೂತೆ.

ಮೊದಲ ಕಾರಣ ಎದುರಿಗೇ ಇತ್ತು. ಸ್ಟೋರೇಜ್‌ನಲ್ಲಿ ಒಂದು ಜಿಬಿ ಕೂಡ ಖಾಲಿ ಇರಲಿಲ್ಲ. ಇಂಥ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ಸೀದಾ ಮತ್ತೆ ಬರೆಯಲು ಬರುವುದಿಲ್ಲ, ಮೊದಲು ಒಂದು ಇಡೀ ತುಂಡನ್ನು ಅಳಿಸಿ ಖಾಲಿ ಮಾಡಿಕೊಳ್ಳಬೇಕು, ಹಾಗಾಗಿ ತುಂಬಿ ತುಳುಕುತ್ತಿದ್ದರೆ ಪ್ರತಿಯೊಂದು ಸಣ್ಣ ಕೆಲಸಕ್ಕೂ ಅಲ್ಲಿಂದಿಲ್ಲಿಗೆ ಸಾಮಾನು ಸರಿಸುವ ಕೆಲಸ ಸೇರಿಕೊಳ್ಳುತ್ತೆ. ಎರಡನೆಯದು ರ‍್ಯಾಮ್. ಆಂಡ್ರಾಯ್ಡ್ ಗೋ ಅಂತ ಒಂದಿದೆ, 2017ರಲ್ಲಿ 1 ಜಿಬಿ ಅಥವಾ ಅದಕ್ಕೂ ಕಡಿಮೆ ರ‍್ಯಾಮ್ ಇರುವ ಅಗ್ಗದ ಫೋನ್‌ಗಳಿಗೆ ಅಂತಲೇ ಗೂಗಲ್ ಘೋಷಿಸಿದ ಹಗುರ ಆಂಡ್ರಾಯ್ಡ್. ಅದು 13ನೇ ಆವೃತ್ತಿಗೆ ಬರುವಷ್ಟರಲ್ಲಿ ಅದಕ್ಕೇ ಕನಿಷ್ಠ 2 ಜಿಬಿ ಬೇಕಾಯಿತು. ಹಗುರದ್ದರ ಕಥೆಯೇ ಹೀಗಾದರೆ ನಮ್ಮದು ಮಾಮೂಲಿ ಆಂಡ್ರಾಯ್ಡ್, ಅದೇ 2 ಜಿಬಿ.

ಅಕ್ಕನಿಗೆ ಇದನ್ನು ಹೇಳುವಾಗ ರ‍್ಯಾಮ್ ಅಂದರೆ ನಿನ್ನ ಕಟಿಂಗ್ ಟೇಬಲ್ ಇದ್ದ ಹಾಗೆ, ಸ್ಟೋರೇಜ್ ಅಂದರೆ ಕಪಾಟು ಅಂದೆ. ಅವಳು ಕತ್ತರಿ ನಿಲ್ಲಿಸದೆ, 'ಅಂದ್ರ ಟೇಬಲ್ ಇದ್ದಷ್ಟೇ ಅದ, ನೀ ತಂದು ಹಾಸಿದ ಬಟ್ಟಿ ದೊಡ್ಡದಾಗ್ಯಾದ' ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಫೋಟೋಗಳನ್ನೆಲ್ಲ 64 ಜಿಬಿ ಕಾರ್ಡ್‌ಗೆ ಸಾಗಿಸಿದೆ. ಅದಕ್ಕೇ ಒಂದು ಮಧ್ಯಾಹ್ನ ಹೋಯಿತು. ಬೇಡದ ಆ್ಯಪ್ ತೆಗೆದೆ. ಸೆಟ್ಟಿಂಗ್ಸ್‌ನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ತೆರೆಯುವ ಡೆವಲಪರ್ ಆಯ್ಕೆಗಳಲ್ಲಿ ಅನಿಮೇಷನ್ ಅಳತೆಯನ್ನು, ಅಂದರೆ ಸ್ಕ್ರೀನ್ ಬದಲಾಗುವಾಗಿನ ಜಾರಾಟದ ಹೊತ್ತನ್ನು, ಅರ್ಧಕ್ಕೆ ಇಳಿಸಿದೆ. ಇದರಿಂದ ಟ್ಯಾಬ್ ನಿಜಕ್ಕೂ ವೇಗ ಆಗುವುದಿಲ್ಲ, ಆದ ಹಾಗೆ ಅನಿಸುತ್ತೆ ಅಷ್ಟೇ. ಸ್ವಲ್ಪ ಸುಧಾರಿಸಿತು. ಆದರೂ ಯಾವ ಆ್ಯಪ್ ತೆರೆದರೂ ಮೊದಲಿನಷ್ಟೇ ತಡ.

ಮೂರನೇ ದಿನ ಹೊಳೆಯಿತು. ಇಂಥ ದೊಡ್ಡ ಅಪ್‌ಡೇಟ್ ಆದ ಮೇಲೆ ಆಂಡ್ರಾಯ್ಡ್ ಇರುವ ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ತಕ್ಕ ಹಾಗೆ ಮತ್ತೆ ಹದ ಮಾಡಿಕೊಳ್ಳಬೇಕು. ಆ ಕೆಲಸದ ಬಹುಪಾಲನ್ನು ಅದು ಇಟ್ಟುಕೊಳ್ಳುವುದು ಟ್ಯಾಬ್ ಚಾರ್ಜಿಗೆ ಇದ್ದು, ಯಾರೂ ಮುಟ್ಟದೆ ಸುಮ್ನೆ ಇರುವ ಹೊತ್ತಿಗೆ. ಅಂದರೆ ರಾತ್ರಿಗೆ. ನಮ್ಮ ಅಕ್ಕ ರಾತ್ರಿ ಏನು ಮಾಡುತ್ತಾಳೆ? ಟ್ಯಾಬ್ ಸ್ವಿಚ್ ಆಫ್ ಮಾಡಿ, ಕೌದಿ ಕವರ್‌ನೊಳಗೆ ಹಾಕಿ, ಕಪಾಟಿನಲ್ಲಿ ಇಡುತ್ತಾಳೆ. 'ಬ್ಯಾಟರಿ ಉಳೀತದ' ಅಂತ. ಏಳು ವರ್ಷದ ಅಭ್ಯಾಸ. ಹಗಲು ಗಿರಾಕಿಗಳ ಮುಂದೆ ಅದನ್ನು ಒತ್ತುತ್ತಲೇ ಇರುತ್ತಾಳೆ. ಪಾಪ, ಆ ಟ್ಯಾಬ್‌ಗೆ ತನ್ನ ಕೆಲಸ ಮುಗಿಸಿಕೊಳ್ಳಲು ಒಂದು ರಾತ್ರಿಯೂ ಸಿಕ್ಕಿರಲಿಲ್ಲ.

ಆ ರಾತ್ರಿ ಚಾರ್ಜಿಗೆ ಹಾಕಿ ಬಿಟ್ಟೆವು. ಎರಡಕ್ಕೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಕೂಲರ್ ನಿಂತಿತು, ಇಡೀ ಓಣಿ ಮಾಳಿಗೆ ಮೇಲೆ ಬಂತು. ಕರೆಂಟ್ ಬಂದದ್ದು ನಾಲ್ಕೂವರೆಗೆ. ಬೆಳಿಗ್ಗೆ ಟ್ಯಾಬ್ ಮುಟ್ಟಿದರೆ ಹೆಂಚಿನ ಹಾಗೆ ಸುಡುತ್ತಿತ್ತು, ಯಾಕೆಂದರೆ ಅಕ್ಕ ಅದನ್ನು ಕವರ್ ಸಮೇತ ಚಾರ್ಜಿಗೆ ಹಾಕಿದ್ದಳು.

ಬಿಸಿಲಿನ ಲೆಕ್ಕ ನಾನು ಹಿಡಿದೇ ಇರಲಿಲ್ಲ ನೋಡಿ. ಬಿಸಿ ಜಾಸ್ತಿ ಆದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನ ಆಗುತ್ತೆ. ಐಪ್ಯಾಡ್ ಬಳಸಲು ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಒಳಗಿರಬೇಕು ಅಂತ ಆಪಲ್ ಹೇಳುತ್ತೆ. ಆ ಲೆಕ್ಕ ಹಿಡಿದರೆ ಹೋಳಿ ಹುಣ್ಣಿಮೆಯಿಂದ ಮೃಗಶಿರ ಮಳೆ ಬೀಳುವವರೆಗೆ ಕಲಬುರಗಿಯಲ್ಲಿ ಹಗಲು ಹೊತ್ತು ಯಾರೂ ಟ್ಯಾಬ್ ಮುಟ್ಟುವ ಹಾಗೇ ಇಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಅನ್ನುವುದು ಸುದ್ದಿಯೇ ಅಲ್ಲ. ಇದೇ ಅಪ್‌ಡೇಟನ್ನು ಡಿಸೆಂಬರ್‌ನಲ್ಲಿ ಹಾಕಿದ್ದರೆ ಅಷ್ಟು ಗೋಳು ಆಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನಾಲ್ಕನೇ ರಾತ್ರಿ ಕವರ್ ತೆಗೆದು, ಕೂಲರ್ ಗಾಳಿ ಬರುವ ಕಡೆ, ಆದರೆ ನೀರು ಹನಿಸದಷ್ಟು ದೂರ, ಸ್ಟೂಲ್ ಮೇಲೆ ಬರಿ ಟ್ಯಾಬ್ ಇಟ್ಟು ಚಾರ್ಜಿಗೆ ಹಾಕಿದೆ. ಅವತ್ತು ಕರೆಂಟ್ ಹೋಗಲಿಲ್ಲ. ಬೆಳಿಗ್ಗೆ ಗ್ಯಾಲರಿ ತೆಗೆದರೆ ಚೌಕಗಳು ತುಂಬಿದ್ದವು. ಆ್ಯಪ್‌ಗಳು ಎರಡು ಮೂರು ಸೆಕೆಂಡಿನಲ್ಲಿ ತೆರೆದವು. ಆಂಡ್ರಾಯ್ಡ್ 9ರಲ್ಲಿ ಇದ್ದಷ್ಟು ಚುರುಕಾಯಿತಾ ಅಂದರೆ ಇಲ್ಲ. ಕ್ರೋಮ್‌ನಲ್ಲಿ ಡಿಸೈನ್ ನೋಡುತ್ತಾ ಗ್ಯಾಲರಿಗೆ ಹೋಗಿ ವಾಪಸ್ ಬಂದರೆ ಪುಟ ಮತ್ತೆ ಮೊದಲಿಂದ ಲೋಡ್ ಆಗುತ್ತೆ. ಟೇಬಲ್ ಇದ್ದಷ್ಟೇ ಅಲ್ವಾ. ಆದರೆ ಕ್ರೋಮ್ ಹೊಸದಾಯಿತು.

ಜೇವರ್ಗಿಯವರು ಮರುವಾರ ಬಂದರು. ಆರು ಪೀಸ್‌ನಲ್ಲಿ ನಾಲ್ಕು ಕೊಟ್ಟರು, ಎರಡನ್ನು ಅಷ್ಟರಲ್ಲಿ ಬೇರೆ ಕಡೆ ಕೊಟ್ಟಿದ್ದರಂತೆ. ಆ ಎರಡು ಬ್ಲೌಸ್ ಹೊಲಿಗೆ ದುಡ್ಡು ನಾನು ಕೊಡ್ತೀನಿ ಅಂದೆ. ಅಕ್ಕ ತಗೊಂಡಳು.

ಈಗ ಟ್ಯಾಬ್ ದಿನಾ ರಾತ್ರಿ ಸ್ಟೂಲ್ ಮೇಲೆ ಚಾರ್ಜಿಗೆ ಇರುತ್ತೆ. ಮಲಗುವ ಮುಂಚೆ ನಾನು ಕವರ್ ತೆಗೆದು ಪಕ್ಕಕ್ಕೆ ಇಡುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಹೊದಿಸಿರುತ್ತಾಳೆ. ಕೇಳಿದರೆ, 'ಧೂಳ್ ಕೂಡ್ತದೋ' ಅನ್ನುತ್ತಾಳೆ.