ಬೇಲೂರಿನ ಹಿತ್ತಲಿಂದ ಮಹಾವ್ಯಾಧ

ಡಿಸೆಂಬರ್ ಅಂದ್ರೆ ನಮ್ಮ ಬೇಲೂರು ಕಡೆ ಕಾಫಿ ಕೊಯ್ಲು. ನನಗೆ ಮಹಾವ್ಯಾಧ ನೀಹಾರಿಕೆಯ (ಓರಿಯನ್ ನೆಬ್ಯುಲಾ, ಬಾಹ್ಯಾಕಾಶದ ಅನಿಲ-ಧೂಳಿನ ಮೋಡ) ಕಾಲವೂ ಹೌದು. ಹಿತ್ತಲ ದೀಪ ಆರಿಸಿ, ನಕ್ಷತ್ರಗಳ ಚಲನೆಗೆ ತಕ್ಕಂತೆ ತಿರುಗುವ ಟ್ರ್ಯಾಕರ್ ಮೇಲೆ ಕ್ಯಾಮೆರಾ ಕೂರಿಸಿ, ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ, ಕಣ್ಣಿಗೆ ಬರೀ ಬೂದು ಮಸುಕಾಗಿ ಕಾಣುವುದು ಕೆಂಪಗೆ ಅರಳುತ್ತೆ. ಆ ಕೆಂಪು ಹೈಡ್ರೋಜನ್ನಿನದು, ತರಂಗಾಂತರ 656 ನ್ಯಾನೋಮೀಟರ್. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಅದರ ಹೆಚ್ಚಿನ ಪಾಲನ್ನು ತಡೆದುಬಿಡುತ್ತೆ. ಆದರೂ ಇಷ್ಟು ಬಂತಲ್ಲ!

ನೀಹಾರಿಕೆಯ ದೂರ ಸುಮಾರು 1,300 ಜ್ಯೋತಿರ್ವರ್ಷ, ಅಂದ್ರೆ ಅದರ ಬೆಳಕು ಇಲ್ಲಿಗೆ ಬರೋಕೆ ಅಷ್ಟು ವರ್ಷ ಬೇಕು. ಈ ಬೆಳಕು ಹೊರಟಾಗ ಹಲ್ಮಿಡಿ ಶಾಸನ ಕೆತ್ತಿ ಆಗಿತ್ತು, ನಮ್ಮ ಚೆನ್ನಕೇಶವನ ಗುಡಿಗೆ ಇನ್ನೂ 400 ವರ್ಷ ಬಾಕಿ.

ತೋಟದ ಮನೆಯವರೇ, ಅಂಗಳದ ಎಲ್‌ಇಡಿ ದೀಪವನ್ನು ನೆಲಕ್ಕೆ ಮುಖ ಮಾಡಿ ಹಾಕಿಸಿ, ದಯವಿಟ್ಟು. ಇಂಥ ಕತ್ತಲೆ ಬೆಂಗಳೂರಿನವರಿಗೆ ಸಿಗಲ್ಲ.