ಪಟ್ಟಿಯ ಲೆಕ್ಕ, ಮೀಟರಿನ ಕೂಲಿ

ಬೆಟಗೇರಿ, 8 ಆಗಸ್ಟ್ 2024, ಗುರುವಾರ

ನಿನ್ನೆ ರಾಷ್ಟ್ರೀಯ ಕೈಮಗ್ಗ ದಿನ. 1905ರ ಆಗಸ್ಟ್ 7ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಇದನ್ನು ಆಚರಿಸುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಮೊಬೈಲ್ ತುಂಬ ಮಗ್ಗ, ಲಾಳಿ, ಸೆರಗು. ಹಾಸು ಎಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು; ಅದನ್ನು ನೇಕಾರರಿಗೆ ಸುತ್ತಿಕೊಡುವ ನಮ್ಮಂಥವರ ಡ್ರಮ್ಮಿನ ಚಿತ್ರ ಒಂದೂ ಬರಲಿಲ್ಲ. ಬರಬೇಕೆಂದೂ ಇಲ್ಲ; ತಗಡಿನ ಶೆಡ್ಡು, ಮರದ ದೊಡ್ಡ ಉರುಳೆ, ಗೋಡೆಯುದ್ದಕ್ಕೂ ಬಾಬಿನ್ ತುಂಬಿದ ಚೌಕಟ್ಟು, ನೋಡಲು ಏನಿದೆ? ಆದರೆ ಸೀರೆಯ ಉದ್ದಗೆರೆ ಎಲ್ಲಿ ಬರಬೇಕು, ಎಷ್ಟು ದಪ್ಪ ಇರಬೇಕು ಎಂಬುದೆಲ್ಲ ಮಗ್ಗಕ್ಕೆ ಹೋಗುವ ಮೊದಲೇ ಇಲ್ಲಿ ತೀರ್ಮಾನವಾಗಿರುತ್ತದೆ. ಇಲ್ಲಿ ಒಂದು ಎಳೆ ಸ್ಥಾನ ತಪ್ಪಿದರೆ ನೇಕಾರ ಎಷ್ಟೇ ಜಾಣನಾಗಿದ್ದರೂ ಅದು ಸೀರೆಯ ಈ ತುದಿಯಿಂದ ಆ ತುದಿಯವರೆಗೆ ತಪ್ಪಿಯೇ ಇರುತ್ತದೆ.

ಇಂದು ಚೌತಿ. ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು ಶೆಡ್ಡಿಗೆ ಬಂದಾಗ ಕಾಕಾ ಒಬ್ಬರೇ ಇದ್ದರು. ಬಾಬಿನ್ ಸುತ್ತುವ ಹುಡುಗಿಯರೆಲ್ಲ ಪಂಚಮಿಗೆಂದು ಊರಿಗೆ ಹೋಗಿದ್ದಾರೆ. ಬಾಬಿನ್ನಿನ ಚೌಕಟ್ಟು, ಅಂದರೆ ಕ್ರೀಲ್, ನಿನ್ನೆಯೇ ತುಂಬಿತ್ತು, ಡ್ರಮ್ ತಿರುಗಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಗಜೇಂದ್ರಗಡದ ನೇಕಾರರ ಫೋನು.

"ಅಕ್ಕಾ, ಕೆಂಪು ಗೆರೆ ನಾಲ್ಕೆಳೆ ಹಾಕಿದರೆ ಸಣಕಲಾಗಿ ಕಾಣುತ್ತದೆ. ಆರು ಮಾಡಿಬಿಡಿ. ಎರಡೇ ಎಳೆಯಲ್ಲವೇ?"

ಎರಡೇ ಎಳೆ! ಈ ಎರಡು ಎಳೆಯಲ್ಲಿ ನಮ್ಮ ಇಡೀ ದಿನ ಹೋಯಿತು. ಹೇಗೆಂದು ಬರೆದಿಡುತ್ತೇನೆ.

ಅವರದು ಪಟ್ಟೇದ ಅಂಚಿನ ಸೀರೆ. ಅರಿಶಿನ ಬಣ್ಣದ ಒಡಲಿನಲ್ಲಿ ಕೆಂಪು ಗೆರೆಯ ಸಣ್ಣ ಚೌಕಳಿ, ಎರಡೂ ಬದಿಗೆ ಅಗಲವಾದ ಅಂಚು. ಅಂಚಿನ ಹಾಸು ಬೇರೆ, ಅದರ ಮಾತು ಇಲ್ಲಿ ಬೇಡ. ಒಡಲು 40 ಇಂಚು, ಇಂಚಿಗೆ 60 ಎಳೆ, ಒಟ್ಟು 2400 ಎಳೆ. ಮೊದಲ ಲೆಕ್ಕದಲ್ಲಿ 4 ಕೆಂಪು, 36 ಅರಿಶಿನ, 40 ಎಳೆಗೊಂದು ಆವರ್ತನೆ. ನಮ್ಮ ಕ್ರೀಲಿನಲ್ಲಿರುವುದು 160 ಗೂಟ, ಗೂಟಕ್ಕೊಂದು ಬಾಬಿನ್. ನಾಲ್ಕು ಆವರ್ತನೆ ಸರಿಯಾಗಿ ಕೂರುತ್ತದೆ. ಒಮ್ಮೆಗೆ 160 ಎಳೆಯ ಒಂದು ಪಟ್ಟಿಯನ್ನು ಡ್ರಮ್ಮಿಗೆ ಸುತ್ತಿ, ಕತ್ತರಿಸಿ ಕಟ್ಟಿ, ಅದರ ಮಗ್ಗುಲಿಗೆ ಇನ್ನೊಂದು ಪಟ್ಟಿ. ಹೀಗೆ 15 ಪಟ್ಟಿಗೆ 2400 ಎಳೆ ಮುಗಿಯುತ್ತದೆ. ಇಷ್ಟು ಚೊಕ್ಕವಾದ ಲೆಕ್ಕ ಅಪರೂಪಕ್ಕೆ ಸಿಗುತ್ತದೆ.

ಕೆಂಪು ಆರಾದರೆ ಆವರ್ತನೆ 42. ಕ್ರೀಲಿನಲ್ಲಿ ಮೂರು ಆವರ್ತನೆಗಷ್ಟೇ ಜಾಗ. ಪಟ್ಟಿಗೆ 126 ಎಳೆ, 34 ಗೂಟ ಖಾಲಿ. ಪಟ್ಟಿಗಳು 15 ಇದ್ದದ್ದು 19 ಆದವು. 19 ಪಟ್ಟಿಗೆ 2394 ಎಳೆ, ಉಳಿದದ್ದು ಆರು. ಆ ಆರನ್ನೂ ಕೆಂಪೇ ಹಾಕಿದರೆ ಒಡಲಿನ ಕೊನೆಯ ಚೌಕಳಿಗೂ ಗೆರೆ ಸಿಗುತ್ತದೆ. ಇಷ್ಟು ಕಂಡಾಗ ಒಂದು ಗಳಿಗೆ ಖುಷಿಯಾಯಿತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹಾಸಿನ ಉದ್ದ 60 ಮೀಟರ್. 15 ಪಟ್ಟಿಯ ಲೆಕ್ಕಕ್ಕೆ ಪ್ರತಿ ಬಾಬಿನ್ನಿನಲ್ಲಿ 900 ಮೀಟರ್ ನೂಲು ಸುತ್ತಿಟ್ಟಿದ್ದೆವು. 19 ಪಟ್ಟಿಗೆ 1140 ಬೇಕು. ಅರಿಶಿನಕ್ಕೆ ಚಿಂತೆಯಿಲ್ಲ, 144 ಬಾಬಿನ್ನಿನಲ್ಲಿ ಈಗ ಬೇಕಾದದ್ದು 108, ಮಿಕ್ಕ 36ರ ನೂಲನ್ನು ಗಂಟು ಹಾಕಿ ಸೇರಿಸಿದರಾಯಿತು. ಕೆಂಪು ಹಾಗಲ್ಲ. ಇರುವುದು 16 ಬಾಬಿನ್, 14,400 ಮೀಟರ್. ಬೇಕಾದದ್ದು 18 ಬಾಬಿನ್ ಮತ್ತು ಕೊನೆಯ ಆರೆಳೆ ಸೇರಿ 20,880. ಹತ್ತಿ ನೂಲಿನ ಒಂದು ಲಡಿ ಎಂದರೆ 840 ಗಜ, 768 ಮೀಟರ್. ಎಂಟೂವರೆ ಲಡಿ ಕಡಿಮೆ ಬಿತ್ತು. ಮತ್ತೆ ಫೋನು ಮಾಡಿದೆ. ಕೆಂಪು ಇದೆ, ಆದರೆ ಬೇರೆ ಕೊಪ್ಪರಿಗೆಯದು, ಬೇರೆ ಸಲ ಬಣ್ಣ ಹಾಕಿದ್ದು ಎಂದರು. ಬಸ್ಸಿಗೆ ಹಾಕಿಸಿ ಕಳಿಸಿದರು. ಹಳೆಯದರ ಪಕ್ಕ ಹಿಡಿದು ಬಿಸಿಲಿಗೆ ನೋಡಿದೆ. ಹೊಸದು ಒಂದು ಕೂದಲಷ್ಟು ಕಪ್ಪು.

ಹಳೆಯ ಕೆಂಪು ಮುಗಿದಲ್ಲಿ ಹೊಸ ಕೆಂಪನ್ನು ಗಂಟು ಹಾಕಿ ಮುಂದುವರಿಸಿದರೆ ಕೊನೆಯ ನಾಲ್ಕೈದು ಪಟ್ಟಿಗಳೆಲ್ಲ ಹೊಸ ಬಣ್ಣದವಾಗುತ್ತವೆ. ಉಟ್ಟಾಗ ಸೀರೆಯ ಒಂದು ಬದಿ ಬೇರೆಯೇ ಕಾಣುತ್ತದೆ. ಕಾಕಾ ಕ್ರೀಲಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ತಂಗೀ, ಆರರಲ್ಲಿ ನಡುವಿನ ಎರಡನ್ನು ಹೊಸದು ಹಾಕು, ಆಚೀಚೆ ಎರಡೆರಡು ಹಳೆಯದು" ಎಂದರು. ಲೆಕ್ಕ ಹಾಕಿ ನೋಡಿದೆ. ಹಳೆಯದಕ್ಕೆ 12 ಗೂಟ ಮತ್ತು ಕೊನೆಯ ನಾಲ್ಕೆಳೆ, 13,920 ಮೀಟರ್, ಇರುವುದರಲ್ಲೇ ಆಗುತ್ತದೆ. ಹೊಸದಕ್ಕೆ ಆರು ಗೂಟ ಮತ್ತು ಎರಡೆಳೆ, ಒಂಬತ್ತು ಲಡಿ ತುಸು ಮೀರಿ. ಪ್ರತಿಯೊಂದು ಗೆರೆಯಲ್ಲೂ ಒಂದೇ ಪ್ರಮಾಣದಲ್ಲಿ ಬೆರೆತರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾದರೂ ಬೇಕೆಂದೇ ಮಾಡಿದ ಹಾಗೆ ಇರುತ್ತದೆ. ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದ ಮನುಷ್ಯ! ನಾನು ಕ್ಯಾಲ್ಕುಲೇಟರ್ ಒತ್ತುವುದಕ್ಕೆ ಮೊದಲೇ ಅವರಿಗೆ ಉತ್ತರ ಗೊತ್ತಿತ್ತು.

ಆಮೇಲೆ ಕೈಕೆಲಸ. 34 ಗೂಟ ಖಾಲಿ ಮಾಡಿದೆವು. ಬಣ್ಣ ಬದಲಾಗಬೇಕಾದ 18 ಗೂಟಗಳಲ್ಲಿ ಹಳೆಯ ಎಳೆಯನ್ನು ಕತ್ತರಿಸಿ, ಹೊಸ ಬಾಬಿನ್ನಿನ ತುದಿಯನ್ನು ಅದಕ್ಕೇ ಗಂಟು ಹಾಕಿ, ಹಣಿಗೆಯ ಆಚೆಗೆ ಎಳೆದುಕೊಂಡೆವು. ಡ್ರಮ್ಮಿನ ಮುಂದಿರುವ ಈ ಹಣಿಗೆಯಲ್ಲಿ ಒಂದು ಬಿಟ್ಟು ಒಂದು ಸಂದಿಗೆ ಮೇಲೂ ಕೆಳಗೂ ಬೆಸುಗೆ ಹಾಕಿರುತ್ತಾರೆ. ಎಳೆಗಳನ್ನೆಲ್ಲ ಒಟ್ಟಿಗೆ ಎತ್ತಿದರೆ ಬೆಸುಗೆಯ ಸಂದಿಯವು ತಡೆದು ನಿಲ್ಲುತ್ತವೆ, ಉಳಿದವು ಮೇಲೇಳುತ್ತವೆ. ನಡುವೆ ಒಂದು ದಾರ ತೂರಿಸಬೇಕು. ಕೆಳಕ್ಕೆ ಒತ್ತಿದಾಗ ಇನ್ನೊಂದು ದಾರ. ಎಳೆಗಳ ಸರದಿಯನ್ನು ಕಾಯುವುದು ಈ ಎರಡು ದಾರಗಳೇ. ಇವು ಕಳಚಿದರೆ 2400 ಎಳೆ ಬರೀ ಸಿಕ್ಕು.

ಸಂಜೆ ಒಂದು ಪಟ್ಟಿ ಸುತ್ತಿ ಬೆರಳಾಡಿಸಿ ನೋಡಿದೆ. ಹೊಸ ಕೆಂಪು ತುಸು ಬಿಗಿ. ಆ ಆರು ಗೂಟಗಳ ಮುಂದೆ ಎಳೆಯನ್ನು ಬಿಗಿಹಿಡಿಯುವ ಒತ್ತುಬಿಲ್ಲೆಗಳಿಂದ ಒಂದೊಂದು ತೂಕ ಇಳಿಸಿದ ಮೇಲೆ ಸಮವಾಯಿತು. ಬಿಗಿ ಹೆಚ್ಚುಕಡಿಮೆಯಾದರೆ ಮಗ್ಗದಲ್ಲಿ ಬಟ್ಟೆ ಗೆರೆಗೆರೆಯಾಗಿ ಸುಕ್ಕುಗಟ್ಟುತ್ತದೆ, ತೊಳೆದರೂ ಹೋಗುವುದಿಲ್ಲ.

ಹಿಂದಿನ ತಿಂಗಳು ಯಂತ್ರ ಮಾರುವವರೊಬ್ಬರು ಬಂದಿದ್ದರು. ನಿಮಿಷಕ್ಕೆ 800 ಮೀಟರ್ ಸುತ್ತುತ್ತದೆ ಎಂದು ಬಣ್ಣದ ಕಾಗದ ಕೊಟ್ಟು ಹೋದರು. ಸುಳ್ಳೇನಲ್ಲ, ಅಂಗಿ ಬಟ್ಟೆಯ ಗಿರಣಿಗಳಲ್ಲಿ ಸಾವಿರಾರು ಮೀಟರ್ ಹಾಸು ಸುತ್ತಲು ಅದು ಬೇಕು. ನನ್ನ ಪಟ್ಟಿ 60 ಮೀಟರ್. ಆ ವೇಗಕ್ಕೆ ಐದು ಸೆಕೆಂಡಿನ ಕೆಲಸವೂ ಅಲ್ಲ, ವೇಗ ಹಿಡಿಯುವಷ್ಟರಲ್ಲೇ ನಿಲ್ಲಿಸಬೇಕು. ಇಳಕಲ್ ಸೀರೆಯಲ್ಲಿ ಇನ್ನೂ ಫಜೀತಿ. ಅದರ ಸೆರಗಿನ ಹಾಸನ್ನು ಒಡಲಿನ ಹಾಸಿನೊಂದಿಗೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ, ಹಾಗಾಗಿ ಸೀರೆಗೊಂದು ಹಾಸು ಬೇಕು. ಉದ್ದ ಕಡಿಮೆ, ವಿನ್ಯಾಸ ಹೆಚ್ಚು: ಇದು ನಮ್ಮ ಕಡೆಯ ನೇಯ್ಗೆಯ ಸ್ವಭಾವ. ಯಂತ್ರದವರು ವೇಗ ಹೇಳುತ್ತಾರೆ, ನಮಗೆ ಬೇಕಾದದ್ದು ಗೂಟ.

ನನಗೆ ಹೊಟ್ಟೆಕಿಚ್ಚಾಗುವ ಯಂತ್ರ ಬೇರೆ ಇದೆ. ಜಪಾನಿನ ಕಿರಿಯೂ ಎಂಬ ರೇಷ್ಮೆ ಊರಿನಲ್ಲಿ ಮಾದರಿ ಹಾಸು ಸುತ್ತಲೆಂದೇ ಒಂದು ಬಗೆಯ ಯಂತ್ರ ಮಾಡುತ್ತಾರೆ. ಅದರಲ್ಲಿ ಡ್ರಮ್ ನಿಂತೇ ಇರುತ್ತದೆ, ನೂಲು ಹಿಡಿದ ಕೊಕ್ಕೆ ಅದರ ಸುತ್ತ ತಿರುಗುತ್ತದೆ. ಮುಂದಿನ ಎಳೆ ಯಾವ ಬಣ್ಣ ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕೈಬೆರಳೆಣಿಕೆಯ ಬಾಬಿನ್ ಇದ್ದರೂ ಎಷ್ಟು ಎಳೆಯ ಆವರ್ತನೆಯಾದರೂ ಆಗುತ್ತದೆ. ನಾಲ್ಕನ್ನು ಆರು ಮಾಡಲು ಒಂದು ಅಂಕಿ ಒತ್ತಿದರೆ ಮುಗಿಯಿತು. ವಿಡಿಯೊ ತೋರಿಸಿದಾಗ ಕಾಕಾ ನಕ್ಕರು. ಅವರ ಅವ್ವ ಅಂಗಳದಲ್ಲಿ ಗೂಟ ನೆಟ್ಟು, ನೂಲು ಹಿಡಿದು ಓಡಾಡಿ ಹಾಸು ಮಾಡುತ್ತಿದ್ದಳಂತೆ. ಒಮ್ಮೆಗೆ ಒಂದೆರಡೇ ಎಳೆ, ಬೇಕಾದಲ್ಲಿ ಬೇಕಾದ ಬಣ್ಣ. "ಅವಳನ್ನೇ ಯಂತ್ರ ಮಾಡಿದ್ದಾರೆ" ಎಂದರು. ಅದರ ಬೆಲೆ ನಮ್ಮಂಥವರ ಶೆಡ್ಡಿಗೆ ಬರುವಂಥದ್ದಲ್ಲ. ಆದರೆ ಅಂಥದ್ದನ್ನು ನೇಕಾರರ ಸಂಘ ಊರಿಗೊಂದರಂತೆ ಇಟ್ಟುಕೊಳ್ಳುವುದು ಆಗದ ಮಾತೇ?

ಇನ್ನು ಬಿಲ್ಲು. ನಮ್ಮಲ್ಲಿ ಕೂಲಿ ಮೀಟರಿಗೆ ಇಷ್ಟು ಎಂದು. ಬಿಳಿ ಹಾಸಾದರೂ ಅಷ್ಟೇ, ಚೌಕಳಿಯಾದರೂ ಅಷ್ಟೇ. 15 ಪಟ್ಟಿಗೂ 60 ಮೀಟರ್, 19 ಪಟ್ಟಿಗೂ 60 ಮೀಟರ್. ಇಂದು ಬಾಬಿನ್ ಬದಲಿಸಿದ ಗಂಟೆಗಳಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ನಾನು ಚೀಟಿಯಲ್ಲಿ ಮೀಟರಿನ ಕೆಳಗೆ ಎರಡು ಸಾಲು ಸೇರಿಸಿದ್ದೇನೆ: ಹೆಚ್ಚಿನ ಪಟ್ಟಿ ನಾಲ್ಕು, ಕ್ರೀಲ್ ಬದಲಾವಣೆ ಒಂದು. ಮುಂದೆ ಎಲ್ಲರಿಗೂ ಹೀಗೆಯೇ. ನಾಳೆ ಪಂಚಮಿ, ಶೆಡ್ಡಿಗೆ ರಜೆ. ಶನಿವಾರ ಉಳಿದ ಪಟ್ಟಿಗಳನ್ನು ಸುತ್ತಲು ಶುರು, ಹಾಸು ಸುತ್ತಿದ ಉರುಳೆಯಾದ ಬೀಮು ಹೊತ್ತುಕೊಂಡು ಹೋಗಲು ಗಜೇಂದ್ರಗಡದವರು ಬಂದಾಗ ಚೀಟಿ ಕೊಡುತ್ತೇನೆ. ಜಗಳಕ್ಕೆ ನಿಲ್ಲುತ್ತಾರೆ, ಗೊತ್ತು. ಆಗ ಕೆಂಪಿನ ಲೆಕ್ಕವನ್ನು ಕಾಕಾ ಅವರಿಂದಲೇ ಹೇಳಿಸುತ್ತೇನೆ.