ಕೈ ಖಾಲಿ ಇದ್ದಿಲ್ಲ

ಬುಧವಾರದಿಂದ ಒಂದೇ ಮಾತು ತಲೆಯೊಳಗೆ ಸುತ್ತುತ್ತಿದೆ. ಮಗಳ ಹಾಲ್‌ಟಿಕೆಟ್ ಪ್ರಿಂಟ್ ತೆಗೆಸಲೆಂದು ಸಿಂಧನೂರಿನ ಆನ್‌ಲೈನ್ ಸೆಂಟರೊಂದಕ್ಕೆ ಹೋಗಿದ್ದೆ. ನನಗಿಂತ ಮುಂದೆ ಆರ್.ಎಚ್. ಕ್ಯಾಂಪಿನ, ಅಂದರೆ ಪೂರ್ವ ಬಂಗಾಳದ ನಿರಾಶ್ರಿತರಿಗೆ ಪುನರ್ವಸತಿ ಕೊಟ್ಟ ಊರಿನ, ಹಿರಿಯರೊಬ್ಬರು ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ರೇಷನ್ ಕಾರ್ಡು, ಕರೆಂಟ್ ಬಿಲ್ಲು. ಪೌರತ್ವದ ಅರ್ಜಿ ಹಾಕಿಸಲು ಬಂದಿದ್ದರು. ಕಂಪ್ಯೂಟರ್ ಮುಂದಿದ್ದ ಹುಡುಗ ಅರ್ಜಿ ತುಂಬುತ್ತಾ ಒಂದು ಪ್ರಶ್ನೆಗೆ ಬಂದು ನಿಂತುಬಿಟ್ಟ.

"ಕಾಕಾ, ನೀವು ಅಲ್ಲೀವ್ರು ಅನ್ನೂದಕ್ಕ ಏನರ ಕಾಗದ ಐತೇನ್ರಿ? ಸಾಲಿದು, ಹೊಲದ್ದು, ನಿಮ್ಮಪ್ಪಂದು, ಏನಿದ್ರೂ ನಡೀತೈತಿ."

"ಕಾಗದ ತರಾಕ ಆಗಲಿಲ್ಲಪ್ಪ. ಕೈ ಖಾಲಿ ಇದ್ದಿಲ್ಲ. ತಮ್ಮನ್ನ ಎತ್ಗೊಂಡಿದ್ದೆ."

ಬಸ್ಸು ತಪ್ಪಿತು ಅನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದರು. ಹುಡುಗನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಒಳ್ಳೆಯ ಹುಡುಗ ಅವನು, ಅವನದೇನೂ ತಪ್ಪಿಲ್ಲ. ಕೇಳುತ್ತಿದ್ದುದು ಅರ್ಜಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚಿನಲ್ಲಿ ಬಂದ ನಿಯಮಗಳ ಪ್ರಕಾರ, ಬಾಂಗ್ಲಾದೇಶದಿಂದ ಬಂದವರು ಅಲ್ಲಿಯವರೆಂದು ತೋರಿಸುವ ದಾಖಲೆ ಕೊಡಬೇಕು. ಐವತ್ತು ವರ್ಷ ಈ ಮನುಷ್ಯನಿಗೆ ಇಲ್ಲಿಯವನೆಂದು ತೋರಿಸು ಅಂದೆವು. ಈಗ ಅಲ್ಲಿಯವನೆಂದು ತೋರಿಸು ಅನ್ನುತ್ತಿದ್ದೇವೆ.

ನನ್ನ ಹಿಂದೆ ನಿಂತಿದ್ದವರೊಬ್ಬರಿಗೆ ತಡೆಯಲಾಗಲಿಲ್ಲ. "ಎಲ್ಲಾ ಸವಲತ್ತು ಇವರಿಗೇ ಆದ್ರ ನಮ್ಮ ಗತಿ ಏನ್ರಿ?" ಅಂದರು. ಅವರ ಅಜ್ಜ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು ಭತ್ತ ಹಾಕಿದವರು. ಅವರಿರುವ ಊರನ್ನೂ ನಾವು ಇವತ್ತಿಗೂ ಕ್ಯಾಂಪ್ ಎಂದೇ ಕರೆಯುವುದು. ಜಗಳವಾಡುವ ಜಾಗ ಅದಲ್ಲವೆಂದು ಸುಮ್ಮನಿದ್ದೆ. ಆದರೆ ಆ ಮಾತು ನನಗೆ ಸರಿಬರಲಿಲ್ಲ, ಈಗಲೂ ಬರುತ್ತಿಲ್ಲ.

ನನ್ನ ಪ್ರಿಂಟು ತಡವಾಗುವಂತಿತ್ತು. ಹಿರಿಯರ ಪಕ್ಕ ಕೂತು ಕೇಳಿದೆ. ಬಾಂಗ್ಲಾ ಯುದ್ಧವಾದ 1971ರಲ್ಲಿ ಅವರಿಗೆ ಒಂಬತ್ತು ವರ್ಷ, ತಮ್ಮನಿಗೆ ಒಂದೂವರೆ. ಖುಲ್ನಾ ಕಡೆಯವರು. ಗಡಿ ದಾಟಿ ಪಶ್ಚಿಮ ಬಂಗಾಳದ ಬನಗಾಂವ್ ಮುಟ್ಟಿದ ಮೇಲೆ ತಮ್ಮನಿಗೆ ವಾಂತಿಭೇದಿ ಹತ್ತಿತು. "ಡ್ರಮ್ಮಿನಾಗ ಉಪ್ಪು ಸಕ್ಕರಿ ನೀರು ಇಟ್ಟಿದ್ರು ಅಮ್ಮಾರ. ಚಮಚದಾಗ ಹಾಕ್ಕೋತ ಕೂತೆ, ರಾತ್ರಿಪೂರ್ತಿ." ಬೇಸಿಗೆಯಲ್ಲಿ ನಮ್ಮ ಅಂಗನವಾಡಿಗಳಲ್ಲಿ ಹಂಚುವ ಓಆರ್‌ಎಸ್ ಪೊಟ್ಟಣಕ್ಕೆ ಅಲ್ಲಿಯದೇ ಋಣವಿದೆ ಎಂದು ನನಗೆ ಗೊತ್ತಿತ್ತು. ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಬನಗಾಂವ್‌ನಲ್ಲಿ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಆ ನೀರನ್ನು ಕುಡಿಸಿದ ಕೈಯನ್ನು ಮಾತ್ರ ನಾನು ಮೊದಲ ಸಲ ನೋಡುತ್ತಿದ್ದೆ. ಹೆಬ್ಬೆರಳಿನ ಉಗುರು ಭತ್ತದ ಗದ್ದೆಯ ಕೆಸರಿಗೆ ಕಪ್ಪಾಗಿತ್ತು.

ಆಮೇಲೆ ಇಲ್ಲಿ ಮೊದಲೇ ನೆಲೆಸಿದ್ದ ಸೋದರಮಾವನನ್ನು ಹುಡುಕಿಕೊಂಡು ಬಂದರಂತೆ. ಕ್ಯಾಂಪಿನವರಿಗೆ ಜಮೀನು ಹಂಚುವಾಗಿನ ಪಟ್ಟಿಯಲ್ಲಿ ಇವರ ಹೆಸರಿಲ್ಲ.

ರಾತ್ರಿ ಅಪ್ಪನ ಟ್ರಂಕು ತೆಗೆದೆ. 1972ರಲ್ಲಿ ಗಂಗಾವತಿಯಿಂದ ಅತ್ತೆ ಬರೆಸಿದ ಕಾಗದದ ಲಕೋಟೆ ಇದೆ ಅದರಲ್ಲಿ. ಮಾಮೂಲಿ ಅಂಚೆಚೀಟಿಯ ಪಕ್ಕ ಐದು ಪೈಸೆಯದು ಇನ್ನೊಂದು, ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಅಂತ ಅಚ್ಚು. 1971ರ ನವೆಂಬರ್‌ನಿಂದ ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಲಕೋಟೆಗೆ ಅದನ್ನು ಅಂಟಿಸಲೇಬೇಕಿತ್ತು. ಸುಮಾರು 1 ಕೋಟಿ ಜನ ಗಡಿ ದಾಟಿ ಬಂದಿದ್ದರು, ದೇಶದ ಹತ್ತಿರವೇ ಹಣವಿರಲಿಲ್ಲ. ಮಗಳ ಬಾಣಂತನದ ಸುದ್ದಿ ಬರೆಸಿದ ಅತ್ತೆಯೂ ಖುಲ್ನಾದ ಒಂದು ಕೂಸಿಗೆ ಐದು ಪೈಸೆ ಕೊಟ್ಟಿದ್ದಳು. ಅತ್ತೆಗೆ ಓದಲು ಬರುತ್ತಿರಲಿಲ್ಲ, ಕಾಗದ ಬರೆಸಿದ್ದಳು. ಆ ಚೀಟಿ ಯಾತರದ್ದೆಂದು ಯಾರಾದರೂ ಹೇಳಿದ್ದರೋ ಇಲ್ಲವೋ.

ಆಗಿನದೆಲ್ಲ ಬಂಗಾರವಾಗಿತ್ತು ಅನ್ನುತ್ತಿಲ್ಲ. ಬಂದವರು ಹಿಂದಿರುಗಲೇಬೇಕು ಎಂದು ಸರ್ಕಾರ ಮೊದಲ ದಿನದಿಂದ ಹೇಳುತ್ತಿತ್ತು, ಯುದ್ಧ ಮುಗಿದ ಮೇಲೆ ಬಹುಪಾಲು ಜನ ಹಿಂದಿರುಗಿದರು ಕೂಡ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಇವತ್ತಿಗೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲ. ಹಾಗಾಗಿ ಬೈಲಕುಪ್ಪೆಯ ಟಿಬೆಟಿಯನ್ನರಿಗೆ ಒಂದು ರೀತಿ, ತಮಿಳುನಾಡಿನ ಶಿಬಿರಗಳಲ್ಲಿರುವ ಲಂಕೆಯ ತಮಿಳರಿಗೆ ಇನ್ನೊಂದು ರೀತಿ, ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾಗಳಿಗೆ ಮತ್ತೊಂದು. ದೇಶ, ಧರ್ಮ ನೋಡಿ ಪೌರತ್ವ ಕೊಡುವ 2019ರ ಕಾಯ್ದೆಯಲ್ಲಿ ಲಂಕೆಯ ತಮಿಳರೂ ಇಲ್ಲ, ರೋಹಿಂಗ್ಯಾಗಳೂ ಇಲ್ಲ. ತಮ್ಮನನ್ನು ಎತ್ತಿಕೊಂಡು ಓಡಿಬಂದ ಹುಡುಗನ ಧರ್ಮ ಯಾವುದೆಂದು ಕೇಳುವುದು ನನಗೆ ಒಪ್ಪಿಗೆಯಿಲ್ಲ. ಜನ ಬಿಟ್ಟು ಓಡಿದ ಅದೇ ನೆಲದಲ್ಲಿ 2017ರಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಂದು ಇಳಿದರು. ಬಾಂಗ್ಲಾದೇಶ ಶ್ರೀಮಂತ ದೇಶವೇನಲ್ಲ. ಉಳ್ಳ ದೇಶಗಳು ಸಮುದ್ರದ ದಡದಲ್ಲಿ ದೋಣಿ ಎಣಿಸುತ್ತಿರುವಾಗ ಜಗತ್ತಿನ ಬಹುಪಾಲು ನಿರಾಶ್ರಿತರನ್ನು ಇಟ್ಟುಕೊಂಡಿರುವುದು ಇಂಥ ಇಲ್ಲದ ದೇಶಗಳೇ.

ನಮ್ಮ ರಾಯಚೂರು ಜಿಲ್ಲೆಗೆ ಇದು ಅರ್ಥವಾಗದ ಸಂಗತಿಯೇ? ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ದೇವದುರ್ಗದ ಊರುಗಳಿಗೆ ಊರೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ಅಲ್ಲಿ ಶೆಡ್ಡಿನ ಮುಂದೆ ನಿಂತು ಯಾರೋ "ಯಾವೂರು ನಿಮ್ದು?" ಅಂತ ಗದರುವುದನ್ನು ನಮ್ಮವರು ಕೇಳಿಬಂದಿದ್ದಾರೆ. ಗುಳೆ ಹೋದವರಿಗೆ ಉಗಾದಿಗೆ ಬಂದು ಬೀಗ ತೆಗೆಯಲು ಒಂದು ಮನೆಯಾದರೂ ಇರುತ್ತದೆ.

ಅವತ್ತು ಅರ್ಜಿ ಮುಗಿಯಲಿಲ್ಲ. ಯಾರಾದರೂ ನೆಂಟರ ಹತ್ತಿರ ಹಳೆಯ ಕಾಗದ ಇದ್ದರೆ ಸೋಮವಾರ ತನ್ನಿ ಎಂದು ಹುಡುಗ ಕಳಿಸಿದ, ದುಡ್ಡು ತಗೊಳ್ಳಲಿಲ್ಲ. ನಾನೂ ಅವರ ಹಿಂದೆಯೇ ಹೊರಗೆ ಬಂದೆ. ಬೇವಿನ ಮರದ ಕೆಳಗೆ ಬೈಕಿನ ಮೇಲೆ ದಪ್ಪನೆಯ ಮನುಷ್ಯರೊಬ್ಬರು ಕಾಯುತ್ತಿದ್ದರು, ತಲೆಯೆಲ್ಲ ನೆರೆತಿತ್ತು. "ಇವನೇ ಅಮ್ಮಾರ, ನಮ್ಮ ತಮ್ಮ" ಎಂದರು ಹಿರಿಯರು. ತಮ್ಮ ಕೈಮುಗಿದು, ಕವರು ಕೊಡು, ಟ್ಯಾಂಕಿನ ಮೇಲೆ ಇಟ್ಕೋತೀನಿ ಅನ್ನುವಂತೆ ಕೈ ಚಾಚಿದ. ಅಣ್ಣ ಕೊಡಲಿಲ್ಲ. ಹಿಂದೆ ಹತ್ತಿ ಕೂತು, ಒಂದು ಕೈಯಲ್ಲಿ ಕವರನ್ನು ಎದೆಗೆ ಅವಚಿಕೊಂಡು, ಇನ್ನೊಂದರಲ್ಲಿ ತಮ್ಮನ ಹೆಗಲು ಹಿಡಿದರು.